ಡ್ರೈ ಫೈರಿಂಗ್

ಡ್ರೈ ಫೈರಿಂಗ್ ಅಥವಾ ಖಾಲಿ ಕೋವಿಯ ಅಭ್ಯಾಸವೆಂದರೆ ಸಜೀವ ತೋಟವಿಲ್ಲದ ಬಂದೂಕನ್ನು ಗುರಿಗೆ ಹಿಡಿದು, ಗುಂಡು ಹಾರಿಸುವಾಗ ಮಾಡಬೇಕಾದ ಎಲ್ಲ ಕ್ರಿಯೆಗಳನ್ನೂ ಕ್ರಮವಾಗಿ ಮಾಡಿ, ಕೊನೆಯಲ್ಲಿ ಟ್ರಿಗರ್ ಒತ್ತುವ ತರಬೇತಿ ವಿಧಾನ. ನಿಲುವು, ಹಿಡಿತ, ಉಸಿರಾಟ, ಗುರಿಗೂಡಿಸುವಿಕೆ ಮತ್ತು ಟ್ರಿಗರ್ ಮೇಲಿನ ಬೆರಳಿನ ಹತೋಟಿ ಇವುಗಳನ್ನು ಮದ್ದುಗುಂಡಿನ ಖರ್ಚಿಲ್ಲದೆ ರೂಢಿಸಿಕೊಳ್ಳುವುದು ಇದರ ಉದ್ದೇಶ. ಶೂಟಿಂಗ್ ಕ್ರೀಡಾಪಟುಗಳು, ಸೈನಿಕರು, ಪೊಲೀಸರು ಮತ್ತು ಎನ್‌ಸಿಸಿ ಕೆಡೆಟ್‌ಗಳು ಈ ಅಭ್ಯಾಸವನ್ನು ಮಾಡುತ್ತಾರೆ.

ಈ ಅಭ್ಯಾಸಕ್ಕೆ ಎರಡು ಅಪಾಯಗಳಿವೆ. ಒಂದು, ಖಾಲಿಯೆಂದು ನಂಬಿದ ಬಂದೂಕಿನಲ್ಲಿ ತೋಟ ಉಳಿದಿರುವುದು. ಇದು ಪ್ರಾಣಕ್ಕೆ ಸಂಬಂಧಿಸಿದ್ದು. ಇನ್ನೊಂದು, ತೋಟದ ಆಧಾರವಿಲ್ಲದೆ ಬಡಿಯುವ ಭಾಗಗಳು ಸವೆದು ಅಥವಾ ಮುರಿದು ಬಂದೂಕು ಕೆಡುವುದು. ಮೊದಲನೆಯದು ಎಲ್ಲ ಬಂದೂಕುಗಳಿಗೂ ಸಮಾನ. ಎರಡನೆಯದು ಬಂದೂಕಿನ ರಚನೆಯನ್ನು ಅವಲಂಬಿಸಿದೆ. ಆದ್ದರಿಂದ "ಖಾಲಿ ಬಂದೂಕಿನ ಟ್ರಿಗರ್ ಒತ್ತಬಹುದೇ?" ಎಂಬ ಪ್ರಶ್ನೆಗೆ ಎಲ್ಲ ಬಂದೂಕುಗಳಿಗೂ ಹೊಂದುವ ಒಂದೇ ಉತ್ತರವಿಲ್ಲ.

## ಹೆಸರು ಮತ್ತು ವ್ಯಾಪ್ತಿ

ಕರ್ನಾಟಕದ ಶೂಟಿಂಗ್ ಕ್ಲಬ್‌ಗಳಲ್ಲಿಯೂ ಪೊಲೀಸ್ ತರಬೇತಿಯಲ್ಲಿಯೂ "ಡ್ರೈ ಫೈರಿಂಗ್", "ಡ್ರೈ ಪ್ರಾಕ್ಟೀಸ್" ಎಂಬ ಪದಗಳೇ ಬಳಕೆಯಲ್ಲಿವೆ. ಬಂದೂಕಿಗೆ ಕೊಡಗು ಮತ್ತು ಮಲೆನಾಡಿನಲ್ಲಿ ಕೋವಿ ಎಂಬ ಹೆಸರೂ, ಬಯಲುಸೀಮೆಯಲ್ಲಿ ಬಂದೂಕು ಎಂಬ ಹೆಸರೂ ಹೆಚ್ಚು ರೂಢಿ. ಹಳೆಯ ಬರಹಗಳಲ್ಲಿ ತುಪಾಕಿ ಎಂಬ ಪದವೂ ಸಿಗುತ್ತದೆ. ಸುತ್ತಿಗೆಯಂತೆ ಬಡಿಯುವ ಭಾಗಕ್ಕೆ ಕುದುರೆ ಎಂದೂ, ಬಾಯಿಯಿಂದ ಮದ್ದು ಜಡಿಯುವ ಕಡ್ಡಿಗೆ ಗಜ ಎಂದೂ ಹೆಸರು. ಈ ಲೇಖನದಲ್ಲಿ ತೋಟ ಎಂದರೆ ಮದ್ದು, ಗುಂಡು ಮತ್ತು ಪ್ರೈಮರ್ ಸೇರಿದ ಇಡೀ ಕಾರ್ಟ್ರಿಜ್. ಗುಂಡು ಎಂದರೆ ನಳಿಗೆಯಿಂದ ಹೊರಬೀಳುವ ಭಾಗ ಮಾತ್ರ.

ಶಬ್ದ ಮಾತ್ರ ಮಾಡುವ ಗುಂಡಿಲ್ಲದ ತೋಟಗಳನ್ನು ಹಾರಿಸುವುದು ಡ್ರೈ ಫೈರಿಂಗ್ ಅಲ್ಲ. ಅವುಗಳಲ್ಲಿ ಮದ್ದು ಇರುತ್ತದೆ. ಹತ್ತಿರದಿಂದ ಹಾರಿಸಿದರೆ ಅವೂ ಮಾರಕವಾಗಬಲ್ಲವು.

## ಹಿನ್ನೆಲೆ

ಈಗಿನ ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ ಪ್ರದೇಶವನ್ನು ಆಳಿದ ಬೇಡ ನಾಯಕರ ಪಡೆಗಳು ಬಂದೂಕಿನ ಗುರಿಗಾರಿಕೆಗೆ ಹೆಸರಾಗಿದ್ದವು. 1705ರಲ್ಲಿ ಔರಂಗಜೇಬನು ತಾನೇ ಮುಂದೆ ನಿಂತು ವಾಗಣಗೇರಿ ಕೋಟೆಗೆ ಮುತ್ತಿಗೆ ಹಾಕಿದಾಗ, ಪೀಡ ನಾಯಕನ ಬಂದೂಕುಗಾರರು ಮೊಘಲ್ ಸೇನೆಯನ್ನು ತಿಂಗಳುಗಟ್ಟಲೆ ತಡೆದರು. ಕೋಟೆ ಕೊನೆಗೆ ಮೊಘಲರ ವಶವಾಯಿತಾದರೂ ನಾಯಕನು ಅವರ ಕೈಗೆ ಸಿಗಲಿಲ್ಲ. ಶಹಾಪುರ ತಾಲ್ಲೂಕಿನ ವನದುರ್ಗದ ಕೋಟೆಯೂ ಸುರಪುರ ನಾಯಕ ಮನೆತನದ ಕಾಲಕ್ಕೆ ಸೇರಿದ್ದು.

ಆ ಕಾಲದ ಬಂದೂಕುಗಳಲ್ಲಿ ಉರಿಯುವ ಬತ್ತಿಯನ್ನು ಮದ್ದಿನ ಬಟ್ಟಲಿಗೆ ತಾಕಿಸಿ ಗುಂಡು ಹಾರಿಸುತ್ತಿದ್ದರು. ಅವುಗಳಲ್ಲಿ ಲೋಹವು ಲೋಹಕ್ಕೆ ಬಡಿಯುವ ಪ್ರಶ್ನೆಯೇ ಇರಲಿಲ್ಲ. ಆದ್ದರಿಂದ ಖಾಲಿ ಬಂದೂಕಿನ ಅಭ್ಯಾಸದಿಂದ ಬಂದೂಕು ಕೆಡುವ ಭಯವೂ ಇರಲಿಲ್ಲ. ಕೇಪು ಮತ್ತು ಲೋಹದ ತೋಟಗಳು ಬಂದ 19ನೆಯ ಶತಮಾನದಲ್ಲಿ ಈ ಸಮಸ್ಯೆ ಹುಟ್ಟಿತು.

ಅದೇ ಶತಮಾನದಲ್ಲಿ ಬಂದೂಕು ಯಾರ ಬಳಿ ಇರಬೇಕು ಎಂಬುದೂ ಕಾನೂನಿನ ವಿಷಯವಾಯಿತು. 1857ರ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ಹಲಗಲಿಯ ಬೇಡರು ಪ್ರತಿಭಟಿಸಿ ದಂಗೆಯೆದ್ದರು. 1861ರಲ್ಲಿ ಕೊಡಗಿನವರಿಗೆ ಅದೇ ನಿರ್ಬಂಧದಿಂದ ವಿನಾಯಿತಿ ದೊರೆಯಿತು. ಹೀಗಾಗಿ ಕರ್ನಾಟಕದಲ್ಲಿ ಹಳೆಯ ಮನೆತನದ ಕೋವಿಗಳು ಇಂದಿಗೂ ಹೆಚ್ಚಾಗಿ ಕಾಣಸಿಗುವುದು ಕೊಡಗಿನಲ್ಲಿ. ಅಲ್ಲಿ ಕೈಲ್ ಪೊಳ್ದ್ ಹಬ್ಬದಂದು ಆಯುಧಗಳಿಗೆ ಪೂಜೆ ಸಲ್ಲುತ್ತದೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳೂ ನಡೆಯುತ್ತವೆ. ಮಲೆನಾಡಿನಲ್ಲಿ ಬೆಳೆ ರಕ್ಷಣೆಗಾಗಿ ಪರವಾನಗಿ ಪಡೆದ ಕೋವಿಗಳಿವೆ.

## ಬಂದೂಕಿಗೆ ಹಾನಿಯಾಗುವ ಬಗೆ

ಬಾಣವಿಲ್ಲದೆ ಬಿಲ್ಲಿನ ಹೆದೆಯನ್ನು ಎಳೆದು ಬಿಡಬಾರದೆಂಬುದು ಬಿಲ್ಲುಗಾರರೆಲ್ಲರಿಗೂ ತಿಳಿದ ನಿಯಮ. ಬಾಣವು ಹೊತ್ತೊಯ್ಯಬೇಕಾದ ಶಕ್ತಿ ಬಿಲ್ಲಿನಲ್ಲಿಯೇ ಉಳಿದು ಅದನ್ನು ಸೀಳುತ್ತದೆ. ಬಂದೂಕಿನ ವಿಷಯದಲ್ಲಿಯೂ ತತ್ತ್ವ ಇದೇ. ಬಿಗಿದ ಸ್ಪ್ರಿಂಗಿನ ಶಕ್ತಿಯನ್ನು ಸಾಮಾನ್ಯವಾಗಿ ತೋಟದ ಮೃದು ಲೋಹ ಹೀರಿಕೊಳ್ಳುತ್ತದೆ. ತೋಟವಿಲ್ಲದಾಗ ಆ ಹೊಡೆತ ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ಹಾನಿ ನಿರ್ಧಾರವಾಗುತ್ತದೆ.

### ಕೇಪಿನ ಕೋವಿ

ಬಾಯಿಯಿಂದ ಮದ್ದು ತುಂಬುವ ಈ ಕೋವಿಗಳಲ್ಲಿ ಕುದುರೆಯು ಕೇಪು ಕೂರಿಸುವ ತೊಟ್ಟಿನ ಮೇಲೆ ನೇರವಾಗಿ ಬಡಿಯುತ್ತದೆ. ಕೇಪಿಲ್ಲದೆ ಪದೇಪದೇ ಬಡಿದರೆ ತೊಟ್ಟಿನ ತುದಿ ಚಪ್ಪಟೆಯಾಗಿ ಅಣಬೆಯಂತೆ ಅಗಲವಾಗುತ್ತದೆ. ಆಮೇಲೆ ಕೇಪು ಸರಿಯಾಗಿ ಕೂರುವುದಿಲ್ಲ, ಈಡು ತಪ್ಪುತ್ತದೆ. ಅಭ್ಯಾಸ ಮಾಡಲೇಬೇಕಾದರೆ ತೊಟ್ಟಿನ ಮೇಲೆ ದಪ್ಪ ಚರ್ಮದ ತುಂಡನ್ನಿಟ್ಟು ಹೊಡೆತವನ್ನು ತಡೆಯಬೇಕು. ಬೆಣಚುಕಲ್ಲಿನ ಕಿಡಿಯಿಂದ ಹಾರುವ ಹಳೆಯ ಬಂದೂಕುಗಳಲ್ಲಿ ಕಲ್ಲಿನ ಬದಲು ಅದೇ ಅಳತೆಯ ಮರದ ತುಂಡನ್ನು ಕಚ್ಚಿಸುವ ರೂಢಿಯಿದೆ.

### ಜೋಡುನಳಿಗೆ ಮತ್ತು ಒಂಟಿನಳಿಗೆ ತೋಟಾ ಕೋವಿ

ಹನ್ನೆರಡು ಬೋರಿನ ಹಳೆಯ ಕೋವಿಗಳಲ್ಲಿ ಫೈರಿಂಗ್ ಪಿನ್ ಗಟ್ಟಿ ಉಕ್ಕಿನದು, ಆದರೆ ಪೆಡಸು. ತೋಟದ ತಡೆಯಿಲ್ಲದಾಗ ಪಿನ್ನು ತನ್ನ ಹಾದಿಯ ಕೊನೆಯವರೆಗೆ ಚಿಮ್ಮಿ ನಿಲ್ಲುವುದರಿಂದ ಅದರ ತುದಿಯೋ ಅದರ ಸ್ಪ್ರಿಂಗೋ ಮುರಿಯಬಹುದು. ಹಳೆಯ ಕೋವಿಗಳ ಬಿಡಿಭಾಗಗಳು ಸುಲಭವಾಗಿ ದೊರೆಯುವುದಿಲ್ಲ. ಈ ವರ್ಗದ ಕೋವಿಗಳಿಗೆ ಅಭ್ಯಾಸ ತೋಟ ಅನಿವಾರ್ಯ.

### .22 ರೈಫಲ್ ಮತ್ತು ಪಿಸ್ತೂಲು

ಎನ್‌ಸಿಸಿಯಲ್ಲಿಯೂ ಶೂಟಿಂಗ್ ಕ್ಲಬ್‌ಗಳಲ್ಲಿಯೂ ಬಳಸುವ .22 ತೋಟದಲ್ಲಿ ಪ್ರೈಮರ್ ತೋಟದ ಬುಡದ ಅಂಚಿನೊಳಗೆ ಇರುತ್ತದೆ. ಆದ್ದರಿಂದ ಪಿನ್ನು ಅಂಚಿಗೆ ಬಡಿಯುತ್ತದೆ. ತೋಟವಿಲ್ಲದಾಗ ಅದು ನೇರವಾಗಿ ನಳಿಗೆಯ ಹಿಂಭಾಗದ ಅಂಚಿಗೆ ತಾಗುವ ಸಂಭವವಿದೆ. ಹಾಗೆ ತಾಗಿದರೆ ತೋಟ ಕೂರುವ ಕೋಣೆಯ ಬಾಯಿಯಲ್ಲಿ ತಗ್ಗು ಬೀಳುತ್ತದೆ. ಬಳಿಕ ತೋಟ ಒಳಗೆ ಹೋಗುವುದೂ ಖಾಲಿ ಕೋಶ ಹೊರಬರುವುದೂ ಕಷ್ಟವಾಗುತ್ತದೆ. ಪಿನ್ನಿನ ತುದಿಯೂ ಮೊಂಡಾಗುತ್ತದೆ. ಕೆಲವು ಆಧುನಿಕ .22 ಬಂದೂಕುಗಳಲ್ಲಿ ಪಿನ್ನು ನಳಿಗೆಯನ್ನು ಮುಟ್ಟದಂತೆ ತಡೆ ಇರುತ್ತದೆ. ಅಂಥವುಗಳ ಬಗ್ಗೆ ತಯಾರಕರ ಕೈಪಿಡಿಯಲ್ಲಿ ಸ್ಪಷ್ಟವಾಗಿ ಹೇಳಿರುತ್ತಾರೆ. ಕೈಪಿಡಿಯಲ್ಲಿ ಅನುಮತಿ ಕಾಣದಿದ್ದರೆ ಖಾಲಿ ಹೊಡೆತ ಕೂಡದೆಂದೇ ಭಾವಿಸಬೇಕು.

### ಸೆಂಟರ್‌ಫೈರ್ ಬಂದೂಕುಗಳು

ಪ್ರೈಮರ್ ತೋಟದ ಬುಡದ ನಡುವೆ ಇರುವ ಬಂದೂಕುಗಳಲ್ಲಿ ಪಿನ್ನು ಖಾಲಿ ಜಾಗದೊಳಕ್ಕೆ ಚಾಚಿಕೊಳ್ಳುತ್ತದೆ, ನಳಿಗೆಗೆ ತಾಗುವುದಿಲ್ಲ. ಆಧುನಿಕ ರೈಫಲ್ ಮತ್ತು ಪಿಸ್ತೂಲುಗಳಲ್ಲಿ ಹೆಚ್ಚಿನವು ಮಿತವಾದ ಖಾಲಿ ಹೊಡೆತವನ್ನು ತಾಳಿಕೊಳ್ಳುತ್ತವೆ. ಗ್ಲಾಕ್ ಪಿಸ್ತೂಲನ್ನು ಬಿಚ್ಚುವ ಮೊದಲು ಖಾಲಿಯಾಗಿ ಟ್ರಿಗರ್ ಒತ್ತುವುದು ಆ ಕ್ರಮದ ಒಂದು ಹಂತವೇ ಆಗಿದೆ. ಆದರೆ ಇದಕ್ಕೂ ಅಪವಾದಗಳಿವೆ. ಚೆಕ್ ನಿರ್ಮಿತ ಸಿಝೆಡ್ 52 ಪಿಸ್ತೂಲಿನ ಮೂಲ ಪಿನ್ನು ಪೆಡಸಾಗಿದ್ದು ಖಾಲಿ ಹೊಡೆತಕ್ಕೆ ಮುರಿಯುವುದು ಬಳಕೆದಾರರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ.

### ಏರ್‌ಗನ್

ಸ್ಪ್ರಿಂಗ್ ಮತ್ತು ಪಿಸ್ಟನ್ ಇರುವ ಏರ್‌ಗನ್ನಿನಲ್ಲಿ ಪೆಲೆಟ್ ಇಲ್ಲದೆ ಟ್ರಿಗರ್ ಒತ್ತಲೇಬಾರದು. ಪೆಲೆಟ್ ನಳಿಗೆಯಲ್ಲಿದ್ದಾಗ ಅದರ ಹಿಂದೆ ಒತ್ತಡಗೊಂಡ ಗಾಳಿ ಪಿಸ್ಟನ್ನಿಗೆ ಮೆತ್ತೆಯಾಗುತ್ತದೆ. ಪೆಲೆಟ್ ಇಲ್ಲದಿದ್ದರೆ ಗಾಳಿ ಹೊರಗೆ ನುಗ್ಗಿ, ಪಿಸ್ಟನ್ ಸಿಲಿಂಡರಿನ ತುದಿಗೆ ಅಪ್ಪಳಿಸುತ್ತದೆ. ಅದರಿಂದ ಸೀಲು ಹರಿಯುತ್ತದೆ, ಸ್ಪ್ರಿಂಗ್ ಕೆಡುತ್ತದೆ. "ಏರ್‌ಗನ್ ತಾನೇ" ಎಂಬ ಸಸಾರದಿಂದ ಮನೆಗಳಲ್ಲಿ ಹೆಚ್ಚು ಕೆಡುವುದು ಈ ಬಗೆಯದೇ.

ಸ್ಪರ್ಧೆಗಳಲ್ಲಿ ಬಳಸುವ ಒತ್ತಿಟ್ಟ ಗಾಳಿಯ ಏರ್ ರೈಫಲ್ ಮತ್ತು ಏರ್ ಪಿಸ್ತೂಲುಗಳಲ್ಲಿ ಇದಕ್ಕಾಗಿಯೇ ಪ್ರತ್ಯೇಕ ವ್ಯವಸ್ಥೆ ಇರುತ್ತದೆ. ಅದನ್ನು ಅಳವಡಿಸಿದಾಗ ಗಾಳಿ ಬಿಡುಗಡೆಯಾಗದೆ ಟ್ರಿಗರ್ ಮಾತ್ರ ಎಂದಿನಂತೆ ಕೆಲಸ ಮಾಡುತ್ತದೆ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಬೆಳ್ಳಿ ಗೆದ್ದದ್ದೂ, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕರ್ನಾಟಕದ ದಿವ್ಯಾ ಟಿ.ಎಸ್. ತಂಡ ಹಾಗೂ ಮಿಶ್ರ ವಿಭಾಗಗಳಲ್ಲಿ ಬೆಳ್ಳಿ ಗೆದ್ದದ್ದೂ ಇಂಥ ಪಿಸ್ತೂಲಿನ 10 ಮೀಟರ್ ಸ್ಪರ್ಧೆಗಳಲ್ಲಿ.

## ಅಭ್ಯಾಸ ತೋಟ

ತೋಟದ ಆಕಾರ ಮತ್ತು ಅಳತೆಯಲ್ಲಿದ್ದು, ಮದ್ದಾಗಲಿ ಪ್ರೈಮರ್ ಆಗಲಿ ಇಲ್ಲದ ವಸ್ತುವಿಗೆ ಸ್ನ್ಯಾಪ್ ಕ್ಯಾಪ್ ಅಥವಾ ಅಭ್ಯಾಸ ತೋಟ ಎನ್ನುತ್ತಾರೆ. ಪ್ರೈಮರ್ ಇರಬೇಕಾದ ಸ್ಥಳದಲ್ಲಿ ಸ್ಪ್ರಿಂಗ್ ಅಥವಾ ರಬ್ಬರಿನ ಮೆತ್ತೆ ಇದ್ದು ಪಿನ್ನಿನ ಹೊಡೆತವನ್ನು ತಾಳಿಕೊಳ್ಳುತ್ತದೆ. ಸೇನೆ ಮತ್ತು ಪೊಲೀಸ್ ತರಬೇತಿಯ ಡ್ರಿಲ್ ತೋಟಗಳು ಮುಖ್ಯವಾಗಿ ತುಂಬುವ ಮತ್ತು ತೆಗೆಯುವ ಅಭ್ಯಾಸಕ್ಕೆ ಮೀಸಲು. ಅವೆಲ್ಲವುಗಳಲ್ಲಿ ಮೆತ್ತೆ ಇರುವುದಿಲ್ಲ.

ಒಮ್ಮೆ ಹಾರಿದ ತೋಟದ ಕೋಶವನ್ನು ಬಳಸುವುದು ಅರ್ಧ ಪರಿಹಾರ ಮಾತ್ರ. ಪ್ರೈಮರಿನಲ್ಲಿ ಆಗಲೇ ತಗ್ಗು ಬಿದ್ದಿರುವುದರಿಂದ ಪಿನ್ನಿಗೆ ಆಧಾರ ಸಿಗುವುದಿಲ್ಲ. .22 ಕೋಶವಾದರೆ ಪ್ರತಿ ಹೊಡೆತಕ್ಕೂ ಅದನ್ನು ಸ್ವಲ್ಪ ತಿರುಗಿಸಿ ಹೊಸ ಅಂಚನ್ನು ಒಡ್ಡಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಾರಿದ ಕೋಶವೂ ಸಜೀವ ತೋಟವೂ ದೂರದಿಂದ ಒಂದೇ ಬಣ್ಣ. ಅಭ್ಯಾಸ ತೋಟಗಳು ಕೆಂಪು, ಕಿತ್ತಳೆಯಂಥ ಎದ್ದುಕಾಣುವ ಬಣ್ಣದವಾಗಿರಬೇಕು. ಅವುಗಳನ್ನು ಸಜೀವ ತೋಟಗಳ ಪೆಟ್ಟಿಗೆಯಲ್ಲಿ ಎಂದಿಗೂ ಇಡಬಾರದು. ಸಜೀವ ತೋಟವನ್ನು ಬಿಚ್ಚಿ ಮನೆಯಲ್ಲಿಯೇ ಅಭ್ಯಾಸ ತೋಟ ತಯಾರಿಸುವುದು ಅಪಾಯಕಾರಿ.

## ಸುರಕ್ಷಿತ ಕ್ರಮ

### ಖಾಲಿಯೆಂದು ಖಚಿತಪಡಿಸಿಕೊಳ್ಳುವುದು

"ಖಾಲಿ" ಎಂಬುದು ನೆನಪಿನ ಮಾತಾಗಬಾರದು. ಆ ಕ್ಷಣದಲ್ಲಿ ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಿ ತಿಳಿದ ಸಂಗತಿಯಾಗಬೇಕು. ಮ್ಯಾಗಜೀನ್ ಇರುವ ಬಂದೂಕಿನಲ್ಲಿ ಮೊದಲು ಮ್ಯಾಗಜೀನ್ ಹೊರತೆಗೆದು, ಆನಂತರವೇ ಬೋಲ್ಟ್ ಅಥವಾ ಸ್ಲೈಡನ್ನು ಹಿಂದಕ್ಕೆಳೆಯಬೇಕು. ಈ ಕ್ರಮ ತಿರುವುಮುರುವಾದರೆ ನಳಿಗೆಯ ತೋಟ ಹೊರಬಿದ್ದರೂ ಮ್ಯಾಗಜೀನಿನಿಂದ ಇನ್ನೊಂದು ತೋಟ ಒಳಗೆ ಸೇರುತ್ತದೆ. ನೋಡುವವನಿಗೆ ಒಂದು ತೋಟ ಹೊರಬಂದದ್ದು ಮಾತ್ರ ಕಾಣುತ್ತದೆ, ಬಂದೂಕು ಮಾತ್ರ ತುಂಬಿಯೇ ಇರುತ್ತದೆ. ಬಳಿಕ ಬೆಳಕಿನಲ್ಲಿ ತೋಟದ ಕೋಣೆಯನ್ನು ನೋಡಿ, ಕಿರುಬೆರಳಿನಿಂದ ಮುಟ್ಟಿ, ಒಮ್ಮೆ ಬೇರೆಡೆಗೆ ನೋಟ ಹೊರಳಿಸಿ ಮತ್ತೊಮ್ಮೆ ಪರೀಕ್ಷಿಸಬೇಕು.

ಕೇಪಿನ ಕೋವಿಯಲ್ಲಿ ಈ ಪರೀಕ್ಷೆ ಸಾಲದು. ಅದರ ಬುಡ ಮುಚ್ಚಿರುವುದರಿಂದ ಒಳಗೆ ಮದ್ದುಗುಂಡು ಇದೆಯೇ ಎಂಬುದು ಹೊರಗಿನಿಂದ ಕಾಣುವುದಿಲ್ಲ. ವರ್ಷಗಳ ಹಿಂದೆ ಹಿರಿಯರು ತುಂಬಿಟ್ಟ ಮದ್ದು ಅಲ್ಲಿಯೇ ಉಳಿದಿರಬಹುದು. ತೊಟ್ಟಿನ ಮೇಲೆ ಕೇಪಿಲ್ಲವೆಂದು ಮೊದಲು ಖಚಿತಪಡಿಸಿಕೊಂಡು, ನಳಿಗೆಯ ಬಾಯಿಗೆ ಮುಖವೊಡ್ಡದೆ, ಗಜವನ್ನು ನಿಧಾನವಾಗಿ ಒಳಗಿಳಿಸಬೇಕು. ಬಾಯಿಯ ಮಟ್ಟದಲ್ಲಿ ಗಜದ ಮೇಲೆ ಗುರುತು ಮಾಡಿ, ಹೊರತೆಗೆದು, ನಳಿಗೆಯ ಹೊರಮೈಗೆ ಜೋಡಿಸಿ ಅಳೆಯಬೇಕು. ಗಜದ ತುದಿ ತೊಟ್ಟಿನ ಹತ್ತಿರದವರೆಗೆ ಬಂದರೆ ನಳಿಗೆ ಖಾಲಿ. ಕೆಲವು ಬೆರಳಷ್ಟು ಮೊದಲೇ ನಿಂತರೆ ಒಳಗೆ ಈಡು ಇದೆ. ಅಂಥ ಕೋವಿಯನ್ನು ಅಲ್ಲಿಗೇ ಬಿಟ್ಟು ಪರವಾನಗಿ ಪಡೆದ ಕೋವಿ ದುರಸ್ತಿಗಾರರಲ್ಲಿಗೆ ಒಯ್ಯಬೇಕು. ನಳಿಗೆಯ ಬಾಯಿಗೆ ಬಾಯಿಟ್ಟು ಊದಿ ನೋಡುವುದು ಕೂಡದು.

ಚುನಾವಣೆಯ ಸಮಯದಲ್ಲಿ ಪೊಲೀಸ್ ಠಾಣೆಯಲ್ಲಿ ಠೇವಣಿಯಿಟ್ಟು ಹಿಂಪಡೆದ ಕೋವಿ, ದುರಸ್ತಿಯಿಂದ ಬಂದ ಕೋವಿ, ಮನೆಯ ಇನ್ನೊಬ್ಬರು ಎತ್ತಿಟ್ಟ ಕೋವಿ ಇವೆಲ್ಲವನ್ನೂ ತುಂಬಿದ ಕೋವಿಯೆಂದೇ ಭಾವಿಸಿ ಪರೀಕ್ಷೆ ಆರಂಭಿಸಬೇಕು.

### ಸ್ಥಳ

1. ಸಜೀವ ತೋಟಗಳು ಅಭ್ಯಾಸದ ಕೋಣೆಯಲ್ಲಿ ಇರಬಾರದು. ಅವನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿಡಬೇಕು. ಜೇಬು, ಸೊಂಟದ ಪಟ್ಟಿ, ಚೀಲಗಳನ್ನೂ ನೋಡಿಕೊಳ್ಳಬೇಕು.
2. ಗುರಿಯ ಹಿಂದೆ ನಿಜವಾದ ಗುಂಡನ್ನು ತಡೆಯಬಲ್ಲ ಆಸರೆ ಇರಬೇಕು. ಮರದ ಬಾಗಿಲು, ತೆಳು ಅಡ್ಡಗೋಡೆ, ಕಿಟಕಿ ಇದಕ್ಕೆ ಯೋಗ್ಯವಲ್ಲ. ಶಹಾಪುರ, ಸುರಪುರ ಭಾಗದ ಹಳೆಯ ಮನೆಗಳ ಕಲ್ಲುಗೋಡೆ ಗುಂಡನ್ನು ತಡೆದರೂ ಅದನ್ನು ಹಿಂದಕ್ಕೆ ಚಿಮ್ಮಿಸಬಲ್ಲದು. ಅದರ ಮುಂದೆ ಮರಳಿನ ಚೀಲಗಳನ್ನು ಒಟ್ಟಬೇಕು.
3. ಆ ಗೋಡೆಯ ಆಚೆ ಯಾರೂ ವಾಸಿಸುವಂತಿರಬಾರದು. ಅಭ್ಯಾಸದ ಹೊತ್ತಿನಲ್ಲಿ ಮಕ್ಕಳು ಮತ್ತು ಅತಿಥಿಗಳು ಕೋಣೆಗೆ ಬರಕೂಡದು.
4. ಕನ್ನಡಿಯಲ್ಲಿನ ಬಿಂಬ, ದೂರದರ್ಶನದ ತೆರೆ, ಗೋಡೆಯ ಭಾವಚಿತ್ರ, ಬೀದಿಯ ನಾಯಿ ಇವು ಗುರಿಗಳಲ್ಲ. ಜೀವವಿರುವುದರತ್ತ ಖಾಲಿ ಬಂದೂಕನ್ನೂ ತಿರುಗಿಸಬಾರದು.

### ಆರಂಭ ಮತ್ತು ಮುಕ್ತಾಯ

ತರಬೇತುದಾರರು ಹೆಚ್ಚು ಎಚ್ಚರಿಸುವುದು ಅಭ್ಯಾಸದ ನಡುವಿನ ಬಗ್ಗೆ ಅಲ್ಲ, ಅದರ ಎರಡು ತುದಿಗಳ ಬಗ್ಗೆ. ನಡುವೆ ದೂರವಾಣಿ ಬಂದು ಎದ್ದುಹೋದವನು ಮರಳಿದಾಗ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು. ಅಭ್ಯಾಸ ಮುಗಿಸಿ, ತೋಟ ತುಂಬಿ, "ಇನ್ನೊಂದೇ ಸಲ" ಎಂದು ಹಳೆಯ ಗುರಿಯತ್ತ ಟ್ರಿಗರ್ ಒತ್ತುವುದು ಇಂಥ ಅವಘಡಗಳ ಸಾಮಾನ್ಯ ಸ್ವರೂಪ. ಆ ಕ್ಷಣದಲ್ಲಿ ಕೈಗೆ ಅಭ್ಯಾಸದ ನೆನಪು ಇರುತ್ತದೆಯೇ ಹೊರತು ತೋಟ ತುಂಬಿದ ನೆನಪು ಇರುವುದಿಲ್ಲ.

ಇದನ್ನು ತಪ್ಪಿಸಲು, ಮುಗಿದ ಕೂಡಲೇ "ಅಭ್ಯಾಸ ಮುಗಿಯಿತು" ಎಂದು ಗಟ್ಟಿಯಾಗಿ ಹೇಳಿ, ಗುರಿಯ ಚೀಟಿಯನ್ನು ಗೋಡೆಯಿಂದ ಕಿತ್ತು, ಬಂದೂಕನ್ನು ಖಾಲಿಯಾಗಿಯೇ ಬೀಗದೊಳಗೆ ಇಡುವುದು ಉತ್ತಮ. ದಣಿವು, ಸಿಟ್ಟು ಅಥವಾ ಮದ್ಯದ ಅಮಲಿನಲ್ಲಿ ಅಭ್ಯಾಸಕ್ಕೆ ಕೂರಬಾರದು.

## ಅಭ್ಯಾಸದ ವಿಧಾನ

ಆರಂಭದಲ್ಲಿ ಗುರಿಯ ಚಿತ್ರವಿಲ್ಲದ ಬಿಳಿ ಹಿನ್ನೆಲೆಯನ್ನೇ ನೋಡುತ್ತ ಟ್ರಿಗರ್ ಒತ್ತುವ ಪದ್ಧತಿಯಿದೆ. ಗುರಿ ಇಲ್ಲದಿದ್ದಾಗ ಕಣ್ಣು ಮುಂದಿನ ನೋಟಕದ ಮೇಲೆ ನಿಲ್ಲುತ್ತದೆ. ಟ್ರಿಗರ್ ಒತ್ತುವಾಗ ಆ ನೋಟಕ ಅಲುಗಿದರೆ ದೋಷ ಎಲ್ಲಿದೆ ಎಂಬುದು ತಾನಾಗಿ ತಿಳಿಯುತ್ತದೆ. ನಿಜವಾದ ಗುಂಡಿನಲ್ಲಿ ಈ ಅಲುಗಾಟವನ್ನು ಶಬ್ದವೂ ಹಿನ್ನೂಕುವಿಕೆಯೂ ಮರೆಮಾಡಿಬಿಡುತ್ತವೆ. ಕುದುರೆ ಬಿದ್ದ ಮೇಲೂ ಒಂದೆರಡು ಕ್ಷಣ ಗುರಿ ಬಿಡದೆ ನಿಲ್ಲುವುದನ್ನು ಇದರೊಂದಿಗೇ ಕಲಿಯಬೇಕು.

ಮುಂದಿನ ಹಂತದಲ್ಲಿ ಕಿರಿದುಗೊಳಿಸಿದ ಗುರಿಚಿತ್ರವನ್ನು ಬಳಸಬಹುದು. ಅಂತರರಾಷ್ಟ್ರೀಯ ನಿಯಮದಂತೆ 10 ಮೀಟರ್ ಏರ್ ಪಿಸ್ತೂಲ್ ಗುರಿಯ ಕಪ್ಪು ಭಾಗದ ವ್ಯಾಸ 59.5 ಮಿ.ಮೀ., ಏರ್ ರೈಫಲ್ಲಿನದು 30.5 ಮಿ.ಮೀ. ಐದು ಮೀಟರ್ ಉದ್ದದ ಕೋಣೆಯಲ್ಲಿ ಇವುಗಳ ಅರ್ಧದಷ್ಟು, ಅಂದರೆ ಸುಮಾರು 30 ಮತ್ತು 15 ಮಿ.ಮೀ. ವ್ಯಾಸದ ಕಪ್ಪು ಬೊಟ್ಟು ಕಣ್ಣಿಗೆ ಅಷ್ಟೇ ಗಾತ್ರದ್ದಾಗಿ ತೋರುತ್ತದೆ. ಗುರಿಯ ನಡುಬಿಂದು ನೆಲದಿಂದ 1.4 ಮೀಟರ್ ಎತ್ತರದಲ್ಲಿರಬೇಕು.

ದಿನಕ್ಕೆ 15ರಿಂದ 20 ನಿಮಿಷಗಳ ಏಕಾಗ್ರ ಅಭ್ಯಾಸವು ವಾರಕ್ಕೊಮ್ಮೆ ಗಂಟೆಗಟ್ಟಲೆ ಮಾಡುವುದಕ್ಕಿಂತ ಮೇಲು. ತೋಳು ದಣಿದ ಮೇಲೆ ಮಾಡುವ ಅಭ್ಯಾಸ ತಪ್ಪನ್ನೇ ರೂಢಿಸುತ್ತದೆ. ನಳಿಗೆಯ ಚಲನೆಯನ್ನು ಗಣಕದ ತೆರೆಯ ಮೇಲೆ ತೋರಿಸುವ ಸ್ಕಾಟ್‌ನಂಥ ವಿದ್ಯುನ್ಮಾನ ಉಪಕರಣಗಳನ್ನು ಉನ್ನತ ಮಟ್ಟದ ಕ್ರೀಡಾಪಟುಗಳು ಬಳಸುತ್ತಾರೆ. ಲೇಸರ್ ಬೆಳಕಿನ ಅಭ್ಯಾಸ ತೋಟಗಳೂ ಇವೆ. ಅವುಗಳ ಬೆಳಕು ಯಾರ ಕಣ್ಣಿಗೂ ಬೀಳದಂತೆ ನೋಡಿಕೊಳ್ಳಬೇಕು.

## ನಿರ್ವಹಣೆ

ಅಭ್ಯಾಸ ತೋಟದ ಮೆತ್ತೆ ಕಾಲಕ್ರಮೇಣ ಸವೆಯುತ್ತದೆ. ಒತ್ತಿದಾಗ ಪುಟಿಯದಿದ್ದರೆ ಅದನ್ನು ಬದಲಿಸಬೇಕು. ಪಿನ್ನಿನ ತುದಿ ದುಂಡಗಿದೆಯೇ, ತೋಟದ ಕೋಣೆಯ ಅಂಚಿನಲ್ಲಿ ತಗ್ಗು ಬಿದ್ದಿದೆಯೇ, ತೊಟ್ಟು ಅಗಲವಾಗಿದೆಯೇ ಎಂಬುದನ್ನು ಆಗಾಗ ನೋಡಬೇಕು. ಗುಂಡು ಹಾರಿಸದಿದ್ದರೂ ಚಲಿಸುವ ಭಾಗಗಳು ಸವೆಯುವುದರಿಂದ ತೆಳುವಾಗಿ ಎಣ್ಣೆ ಹಚ್ಚಿ ಒರೆಸುವುದು ಅವಶ್ಯಕ.

## ಕಾನೂನು

ಭಾರತದಲ್ಲಿ ಬಂದೂಕಿನ ಒಡೆತನ, ಬಳಕೆ ಮತ್ತು ದುರಸ್ತಿಗಳು 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳಿಗೆ ಒಳಪಟ್ಟಿವೆ. ಪರವಾನಗಿ ವ್ಯಕ್ತಿಗೆ ಸಂಬಂಧಿಸಿದ್ದಾದ್ದರಿಂದ ಅಭ್ಯಾಸಕ್ಕೆಂದು ಬಂದೂಕನ್ನು ಗೆಳೆಯರಿಗೆ ಎರವಲು ಕೊಡುವಂತಿಲ್ಲ. ಮುರಿದ ಭಾಗವನ್ನು ಊರಿನ ಕಮ್ಮಾರರಿಂದ ಮಾಡಿಸುವಂತೆಯೂ ಇಲ್ಲ. ಬಂದೂಕು ದುರಸ್ತಿಗೆ ಪ್ರತ್ಯೇಕ ಪರವಾನಗಿ ಬೇಕು. ಪರವಾನಗಿ ಕೋರುವವರು ಸುರಕ್ಷತಾ ತರಬೇತಿ ಪಡೆಯಬೇಕೆಂದೂ, ಬಂದೂಕನ್ನು ಸುರಕ್ಷಿತವಾಗಿ ಇಡುವುದಾಗಿ ಮುಚ್ಚಳಿಕೆ ಕೊಡಬೇಕೆಂದೂ ನಿಯಮಗಳು ಹೇಳುತ್ತವೆ.

ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳಿಗೆ, 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಈ ವಿನಾಯಿತಿ ಪರವಾನಗಿಗೆ ಸಂಬಂಧಿಸಿದ್ದೇ ಹೊರತು ಎಚ್ಚರಿಕೆಗೆ ಸಂಬಂಧಿಸಿದ್ದಲ್ಲ. ಖಾಲಿಯೆಂದು ಭಾವಿಸಿದ ಕೋವಿಯಿಂದ ಯಾರಾದರೂ ಸತ್ತರೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಅಪರಾಧಕ್ಕೆ ಗುರಿಯಾಗಬೇಕಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ವಿಧಿಯು ಇದಕ್ಕೆ ಐದು ವರ್ಷಗಳವರೆಗಿನ ಸೆರೆವಾಸ ಮತ್ತು ದಂಡವನ್ನು ವಿಧಿಸುತ್ತದೆ.

## ಮಿತಿಗಳು

ಖಾಲಿ ಕೋವಿಯ ಅಭ್ಯಾಸದಿಂದ ಹಿನ್ನೂಕುವಿಕೆಯನ್ನು ತಾಳುವುದಾಗಲಿ, ಗಾಳಿ ಮತ್ತು ದೂರದ ಅಂದಾಜಾಗಲಿ ಬರುವುದಿಲ್ಲ. ಗುಂಡು ಎಲ್ಲಿ ತಾಗಿತು ಎಂಬ ಉತ್ತರವೂ ಸಿಗದು. ಸಜೀವ ತೋಟ ಮತ್ತು ಅಭ್ಯಾಸ ತೋಟಗಳನ್ನು ಬೆರೆಸಿ ತುಂಬಿ, ಶೂಟರ್ ಬೆಚ್ಚುವುದನ್ನು ಪತ್ತೆಹಚ್ಚುವ ಒಂದು ವಿಧಾನವಿದೆಯಾದರೂ ಅದು ಫೈರಿಂಗ್ ರೇಂಜಿನಲ್ಲಿ ತರಬೇತುದಾರರ ಸಮ್ಮುಖದಲ್ಲಿ ಮಾತ್ರ ನಡೆಯತಕ್ಕದ್ದು, ಮನೆಯಲ್ಲಿ ಮಾಡತಕ್ಕದ್ದಲ್ಲ. ಮೊದಲ ಬಾರಿ ಬಂದೂಕು ಹಿಡಿಯುವವರು ಪುಸ್ತಕ ಅಥವಾ ಲೇಖನವನ್ನು ಓದಿ ಈ ಅಭ್ಯಾಸಕ್ಕೆ ತೊಡಗದೆ, ಎನ್‌ಸಿಸಿ ಅಥವಾ ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನಲ್ಲಿ ಕಲಿತವರ ಮುಂದೆ ಆರಂಭಿಸುವುದು ಯೋಗ್ಯ.

## ಇವನ್ನೂ ನೋಡಿ

- ಕೋವಿ
- ಶೂಟಿಂಗ್ ಕ್ರೀಡೆ
- ಕೈಲ್ ಪೊಳ್ದ್
- ಸುರಪುರ ನಾಯಕರು
- ಹಲಗಲಿ ಬೇಡರ ದಂಗೆ
- ಎನ್‌ಸಿಸಿ